ತೋಳದ ಗವಿಯ ಫೋಟೊ

ಕುರಿ ಕಾಯುವ ನನ್ನ ಅಜ್ಜ, ನಮ್ಮ ಮುತ್ಯಾ, ನನಗೆ ಶಹಾಪುರದ ಗುಡ್ಡದಲ್ಲಿ ತೋಳದ ಗವಿ ತೋರಿಸಿದ್ದು ಒಂದೇ ಷರತ್ತಿನ ಮೇಲೆ.

"ಜಾಗಾ ಯಾರಿಗೂ ಹೇಳಬ್ಯಾಡವ್ವ. ಕುರಿ ಕಾಯಾವ್ರು ನಾವು, ಅದರ ಮರಿ ಮುಟ್ಟಂಗಿಲ್ಲ."

"ಅದು ನಿನ್ನ ಕುರಿ ಒಯ್ತದಲ್ಲ ಮುತ್ಯಾ?"

"ಒಯ್ತದ. ಅದರ ಪಾಲು ಅದು. ನಿನ್ನ ವಾದ ಕಾಲೇಜಿನ್ಯಾಗ ಮಾಡು."

ಬಿಸಿಲು ಕಾಯುತ್ತಿದ್ದ ಮೂರು ಮರಿಗಳ ಫೋಟೊ ತೆಗೆದೆ. ನಮ್ಮ ಹವ್ಯಾಸಿ ಛಾಯಾಗ್ರಾಹಕರ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು, "ಈ ಕಡಿ ತೋಳ ಎಲ್ಲಿ ಉಳದಾವ್ರಿ? ನಾಯಿಮರಿ ತಗದೀರಿ" ಎಂದು ನಕ್ಕರು. ಚರ್ಚಾಸ್ಪರ್ಧೆಗಳಲ್ಲಿ ಸೋತು ಗೊತ್ತಿಲ್ಲದವಳು ನಾನು. ಸಾಕ್ಷಿಗೆಂದು, ಗವಿಯ ಬಾಯಿ, ಹಿಂದಿನ ಬಂಡೆಗಳು ಸ್ಪಷ್ಟವಾಗಿ ಕಾಣುವ ಇನ್ನೊಂದು ಫೋಟೊ ಹಾಕಿದೆ. ಅವರು ಒಪ್ಪಿಕೊಂಡರು.

ಆ ಫೋಟೊ ಊರೂರು ತಿರುಗಿತು. ವಾರದೊಳಗೆ ಯಾರೋ ಬಂಡೆಗಳ ಗುರುತು ಹಿಡಿದು, ಗವಿಗೆ ಹೊಗೆ ಹಾಕಿ, ಬಾಯಿಗೆ ಕಲ್ಲು ಮುಚ್ಚಿದ್ದರು. ಮುತ್ಯಾ ಒಂದೊಂದೇ ಕಲ್ಲು ಸರಿಸಿದ. ಮರಿಗಳು ಒಂದಕ್ಕೊಂದು ಒತ್ತಿಕೊಂಡು ಸತ್ತಿದ್ದವು.

"ಜಾಗದ ಹೆಸರು ನಾ ಎಲ್ಲೂ ಹೇಳಿಲ್ಲ ಮುತ್ಯಾ" ಎಂದೆ. ಆ ಹೊತ್ತಿನಲ್ಲೂ ನನಗೆ ಬಂದದ್ದು ವಾದವೇ.

"ಹೌದವ್ವ, ಹೇಳಿಲ್ಲ" ಎಂದ. ನನ್ನ ಮುಖ ನೋಡಲಿಲ್ಲ. "ಏಳು, ಹೋಗೂಣು. ಅವುಗಳ ತಾಯಿ ಇಲ್ಲೇ ಸುತ್ತಾಕತ್ತದ. ನಾವಿದ್ರ ಅದು ಹತ್ರ ಬರಂಗಿಲ್ಲ."