ಮೊದಲು ಹೆಸರು

ಬನಹಟ್ಟಿಯ ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಬಾಯಾರು, ಅಂದರೆ ಟೀಚರಮ್ಮ, ಸರ್ವನಾಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೆಸರು ಹೇಳದೆ ‘ಹೀ’ ಎಂದವನ ಹಣೆಗೆ ಚಾಕ್‌ಪೀಸು ಬೀಳುತ್ತಿತ್ತು. “ಮೊದ್ಲ ಹೆಸರು ಹೇಳಲೇ! ಇಲ್ಲಾಂದ್ರ ಯಾರಂತ ತಿಳೀಬೇಕು?”

ಮೊನ್ನೆ ಜಮಖಂಡಿಯ ದವಾಖಾನೆಯಲ್ಲಿ ಚೀಟಿಯ ಸಾಲಿನಲ್ಲಿ ಅವರು ನನ್ನ ಮುಂದೆಯೇ ನಿಂತಿದ್ದರು. ಅವರ ಯಜಮಾನರನ್ನು ಆಗಷ್ಟೇ ಸ್ಟ್ರೆಚರಿನಲ್ಲಿ ಒಳಗೆ ಒಯ್ದಿದ್ದರು.

“ಪೇಶಂಟ್ ಹೆಸರ್ರೀ?” ಎಂದ ಗುಮಾಸ್ತ.

“ನಮ್ಮ ಮನಿಯವರ್ರೀ.”

“ಹೆಸರು ಹೇಳ್ರೀ ಅಮ್ಮಾ, ಡಾಕ್ಟರು ಕಾಯಾಕತ್ತಾರ.”

“ಅವರ್ರೀ, ಈಗ ಒಳಗ ಒಯ್ದ್ರಲ್ಲ, ಅವರು.”

ಗಂಡನ ಹೆಸರನ್ನು ಹೆಂಡತಿ ಹೇಳುವುದುಂಟೇ? ಕಂಗಾಲಾಗಿ ಹಿಂತಿರುಗಿದವರು ನನ್ನನ್ನು ಕಂಡು ಹಿಗ್ಗಿದರು. “ಛಲೋ ಆತು, ನೀನರ ಹೇಳೋ ತಮ್ಮಾ.”

ಮೂರು ವರ್ಷ ಅವರ ಮನೆಗೆ ಟ್ಯೂಷನ್ನಿಗೆ ಹೋದವನು ನಾನು. ನನಗೂ ಗೊತ್ತಿದ್ದದ್ದು ‘ಅವರು’ ಎಂದಷ್ಟೇ.