ಹಲ್ಲಿಲ್ಲದ ಕೆಂಚಕ್ಕನ ಡಬ್ಬಿಯಲ್ಲಿ ಮೆಕ್ಕೆಜೋಳ

ಬೆಳಗಿನ ಒಂಬತ್ತು ಗಂಟೆ. ಹಂಪಸಾಗರದಿಂದ ಕೊಟ್ಟೂರಿಗೆ ಮರಳುವ ಬಸ್ಸಿನಲ್ಲಿ ಗಂಗಾಂಬಿಕಾ ನೀಲಿ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಕಂಡಕ್ಟರ್‌ಗೆ ಯಾವಾಗಲೂ ಅದೇ ತಮಾಷೆ: "ಅಕ್ಕಾರ, ಇವತ್ತರ ಒಂದು ಐಸ್‌ಕ್ಯಾಂಡಿ ಕೊಡ್ರಿ."

"ಮುಚ್ಚಳ ತಗದು ನೀನ ಆರಿಸಿಕೊ," ಎನ್ನುತ್ತಾರೆ ಇವರು, ನಗು ತಡೆದುಕೊಂಡು. ಒಳಗಿರುವುದು ನಾಲ್ಕು ಮನೆಗಳ ಮಲದ ಡಬ್ಬಿಗಳೆಂದು ಗೊತ್ತಾದರೆ ಆತ ಓಡುವ ಬಸ್ಸಿನಿಂದಲೇ ಇಳಿದಾನು.

ನಲವತ್ತಾರರ ಗಂಗಾಂಬಿಕಾ ಕೊಟ್ಟೂರಿನ ಸಣ್ಣ ಲ್ಯಾಬೊಂದರ ಆಯಾ. ನಮ್ಮ ಕರುಳಿನೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸಂಸಾರ ಹೂಡಿವೆ. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದವರಲ್ಲಿ ಕೆಲವರು ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ರೋಗ ಮರಳುತ್ತದೆ. ಇದರಲ್ಲಿ ಆ ಬ್ಯಾಕ್ಟೀರಿಯಾದ ಕೈವಾಡವೇನಾದರೂ ಇದೆಯೇ ಎಂಬುದು ಲ್ಯಾಬಿನ ಡಾಕ್ಟರ್ ಅರುಣಕುಮಾರ್ ಅವರ ಪ್ರಶ್ನೆ. ಅದಕ್ಕಾಗಿ 2006ರಿಂದ ಹಾಗೆ ಆಪರೇಷನ್ ಆದವರ ಮೂವತ್ತೊಂದು ಮನೆಗಳಿಂದ ಮೂರು ತಿಂಗಳಿಗೊಮ್ಮೆ ಡಬ್ಬಿ ತರುವುದು ಇವರ ಕೆಲಸ. ಸ್ವಂತ ಅಕ್ಕ ಇವರ ಮನೆಯಲ್ಲಿ ನೀರು ಮುಟ್ಟುವುದಿಲ್ಲ. "ಲಿಂಗಪೂಜಿ ಮಾಡೂ ಕೈಲೆ ಇದೇನ ಕೆಲಸ ಅಂತಾಳ್ರಿ. ಸೋಪು ಐತಿ, ನೀರೈತಿ, ತೊಳಕೊಂತೀನಿ," ಎನ್ನುತ್ತಾರೆ.

ಹೋದ ಮಳೆಗಾಲದಲ್ಲಿ ಒಂದು ಸಂಗತಿ ನಡೆಯಿತು. ಹಂಪಸಾಗರದ ಕೆಂಚಕ್ಕನದು ಎಲ್ಲಕ್ಕಿಂತ ಒಳ್ಳೆಯ ಡಬ್ಬಿ ಎಂದು ಡಾಕ್ಟರು ಎರಡು ವರ್ಷ ಹೊಗಳಿದ್ದೇ ಹೊಗಳಿದ್ದು. ಆ ಸಲ ಅದರಲ್ಲಿ ಕಣ್ಣಿಗೆ ಕಾಣದ ರಕ್ತ ಸಿಕ್ಕಿತು. ರೋಗ ಮರಳಿತೆಂದು ಎಲ್ಲರೂ ಹೌಹಾರಿ ಆಕೆಯನ್ನು ದಾವಣಗೆರೆಗೆ ಕಳಿಸಿದರು. ಕ್ಯಾಮೆರಾ ಇಳಿಸಿ ನೋಡಿದರೆ ಕರುಳು ಸ್ವಚ್ಛ! ಹಾಗಾದರೆ ರಕ್ತ ಯಾರದು? ಡಬ್ಬಿಯ ಹೆಸರು ಅದಲುಬದಲು ಮಾಡಿದವಳು ಗಂಗಾಂಬಿಕಾನೇ ಎಂದು ಲ್ಯಾಬಿನಲ್ಲಿ ಗುಸುಗುಸು ಶುರುವಾಯಿತು.

"ಎರಡು ದಿನ ಹೆಸರಿನ ಚೀಟಿ ಎಲ್ಲಾ ತಿರುತಿರುಗಿ ನೋಡಿದೆರಿ. ಮೂರನೇ ದಿನ ನೆನಪಾತು, ಆ ಡಬ್ಬ್ಯಾಗ ಮೆಕ್ಕಿಜೋಳದ ಸಿಪ್ಪಿ ಇತ್ತು. ಕೆಂಚಕ್ಕನ ಬಾಯಾಗ ಒಂದೂ ಹಲ್ಲಿಲ್ಲ, ಆಕಿ ಉಣ್ಣೂದು ಗಂಜಿ."

ಮೊದಲ ಬಸ್ಸಿಗೇ ಹೋಗಿ ಕೇಳಿದರೆ ಕೆಂಚಕ್ಕ ಸ್ವಲ್ಪವೂ ಅಳುಕಲಿಲ್ಲವಂತೆ: "ನಂದು ಕೆಟ್ಟ ಹೊಟ್ಟಿ ಅಲ್ಲೇನಬೇ? ಡಾಕ್ಟರ್ ಸಾಹೇಬ್ರಿಗೆ ಕೊಡೂವಾಗ ಚಲೋದು ಕೊಡಬೇಕು. ಡೇರಿಗೆ ನಮ್ಮೆಮ್ಮಿ ಹಾಲು ತೆಳ್ಳಗಾದ್ರ ಬಾಜೂ ಮನೀದು ಒಯ್ಯಂಗಿಲ್ಲೇನು? ಮೊದಲಿಂದ ನನ್ನ ಮಗ ಪಾಲಣ್ಣಂದ ಕೊಡ್ತೀನಿ."

ಪಾಲಣ್ಣ! ಮೂವತ್ತಾರರ ಗಟ್ಟಿ ಆಳು, ಅದೇ ಹೊತ್ತಿಗೆ ಅಂಗಳದಲ್ಲಿ ಕೂತು ಸುಟ್ಟ ತೆನೆ ಕಡಿಯುತ್ತಿದ್ದ. "ಹಂಗಾರ ಆ ರಕ್ತ ಇವಂದ ಅಲ್ಲೇನ್ರಿ. ತೆನಿ ಕಸಗೊಂಡು, 'ನಡಿಯಪ್ಪಾ ದಾವಣಗೇರಿಗೆ' ಅಂದೆ. 'ನನಗೇನಾಗೇತಿ' ಅಂತ ನಕ್ಕ."

ಆಗಿತ್ತು. ಕರುಳಿನಲ್ಲಿ ಹುಣಸೆ ಬೀಜದಷ್ಟು ಗಡ್ಡೆ ಸದ್ದಿಲ್ಲದೆ ಕೂತಿತ್ತು. ಬೇಗ ಸಿಕ್ಕಿದ್ದರಿಂದ ಕತ್ತರಿಸಿ ತೆಗೆದರು, ಆತ ಉಳಿದ. ಆಮೇಲೆ ಗಂಗಾಂಬಿಕಾ ಮೂವತ್ತೊಂದು ಮನೆಗಳಿಗೂ ಹೋಗಿ ವಿಚಾರಿಸಿದರು. ಒಂಬತ್ತು ಮನೆಗಳಲ್ಲಿ ಕೊಟ್ಟದ್ದು ರೋಗಿಯದಲ್ಲ: ಸೊಸೆಯದು, ಮೊಮ್ಮಗನದು, ಒಂದರಲ್ಲಂತೂ ಪಕ್ಕದ ಮನೆಯವರದು! ಡಾಕ್ಟರು ತಲೆಯ ಮೇಲೆ ಕೈಹೊತ್ತು ಕೂತರು. ಎರಡು ವರ್ಷದ ಕಾಗದಗಳನ್ನೆಲ್ಲ ಕಟ್ಟಿ ಮೇಲಿಟ್ಟು ಮೊದಲಿನಿಂದ ಶುರು ಮಾಡಿದ್ದಾರೆ.

ಇಷ್ಟಾದರೂ ಇವರ ಹೆಸರು ಎಲ್ಲೂ ಬಂದಿಲ್ಲ. ಕೇಳಿದರೆ ಸಂಕೋಚಪಡುತ್ತಾರೆ. "ಹೆಸರು ಯಾಕ್ರಿ? ನಮ್ಮಕ್ಕ ಬಂದು ನಮ್ಮನ್ಯಾಗ ಒಂದು ಲೋಟ ನೀರು ಕುಡದ್ರ ಸಾಕು."

ಕೊಟ್ಟೂರು ಹತ್ತಿರವಾಗುತ್ತಿದೆ. ಪೆಟ್ಟಿಗೆಯ ಮುಚ್ಚಳ ತುಸು ಸರಿಸಿ, ಇವತ್ತಿನ ಒಂದು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಮುಖ ಅರಳುತ್ತದೆ.

"ಬರೇ ಗಂಜಿ. ಇದು ಕೆಂಚಕ್ಕಂದ."