ಅಡೆಗಲ್ಲಿಗೆ ಬಿದ್ದ ಒಂದು ಏಟು

ಕಳೆದ ಸೋಮವಾರ ಬೆಳಿಗ್ಗೆ ತಾಳವಾಡಿಯ ತಮ್ಮ ಕುಲುಮೆಯ ಮುಂದೆ ಕೂತು ನಂಜುಂಡಾಚಾರಿ ನನ್ನ ಮೊಬೈಲಿನಲ್ಲಿ ಜಪಾನಿನ ಕತ್ತಿ ತಯಾರಿಕೆಯ ಸಾಕ್ಷ್ಯಚಿತ್ರ ನೋಡಿದರು. ಹೆಂಡತಿ ಚಿಕ್ಕತಾಯಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಅಂದಿನಿಂದ ಅವರು ಕುಲುಮೆ ಹೊತ್ತಿಸಿರಲಿಲ್ಲ. ನಾನು ಮಚ್ಚು ಹದ ಮಾಡಿಸಲು ಹೋಗಿದ್ದೆ. ಚಿತ್ರ ನೋಡಿದರೆ ಅವರಿಗೆ ಕೆಲಸದ ಮನಸ್ಸು ಬರಬಹುದು ಎಂದುಕೊಂಡಿದ್ದೆ.

“ಕುಲುಮೇಲಿ ಬಿಳಿ ಬಟ್ಟೆಯಾ? ಒಗಿಯೋರು ಯಾರಪ್ಪ?” ಎಂದು ಚಿತ್ರದ ಕಮ್ಮಾರರ ಉಡುಪು ನೋಡಿ ನಕ್ಕರು.

ಚಿತ್ರದಲ್ಲಿ ಗುರು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಿದ್ದ, ಶಿಷ್ಯ ಅಲ್ಲಿಗೆ ದೊಡ್ಡ ಸುತ್ತಿಗೆ ಬೀಸುತ್ತಿದ್ದ. ಒಮ್ಮೆ ಗುರು ಕಾದ ಕಬ್ಬಿಣ ಬಿಟ್ಟು, ಅದನ್ನಿಟ್ಟು ಬಡಿಯುವ ಅಡೆಗಲ್ಲಿಗೇ ತಟ್ಟಿದ. ಶಿಷ್ಯ ಕೈ ನಿಲ್ಲಿಸಿದ. ಆ ಚಿತ್ರವನ್ನು ಮೊದಲೇ ಎರಡು ಸಲ ನೋಡಿದ್ದರೂ ನಾನದನ್ನು ಗಮನಿಸಿರಲಿಲ್ಲ.

“ನಿಲ್ಸು ಅಂತ ಯೋಳ್ದ ಕಣಪ್ಪ. ನಮ್ಮವ್ಳಿಗೂ ನಾನು ಇಂಗೇ ಯೋಳ್ತಿದ್ದದ್ದು. ದೊಡ್ಡ ಸುತ್ತಿಗೆ ಅವ್ಳದೇ. ಮೂವತ್ತು ವರ್ಸ, ಬಾಯಲ್ಲಿ ಸಾಕು ಅಂದೋನೇ ಅಲ್ಲ.”

ಆ ಭಾಗವನ್ನು ಮತ್ತೆ ಹಾಕಲು ಹೇಳಿದರು. ಮೂರು ಸಲ ಹಾಕಿದೆ. ಆಮೇಲೆ ಒಳಗೆ ಹೋಗಿ ಸಣ್ಣ ಸುತ್ತಿಗೆ ಎತ್ತಿಕೊಂಡರು. ತಣ್ಣಗಿದ್ದ ಅಡೆಗಲ್ಲಿಗೆ ಒಮ್ಮೆ ತಟ್ಟಿ, ಸುತ್ತಿಗೆಯನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ನನ್ನ ಮಚ್ಚನ್ನು ಗೋಣಿಯಲ್ಲಿ ಸುತ್ತಿ ಕೈಗಿಟ್ಟರು.

“ಚಾಮರಾಜನಗರದ ಬಸ್ಸದೆ, ಅಲ್ಲೇ ಮಾಡಿಸ್ಕೊ ಓಗು.”

ಬುಧವಾರ ಮಚ್ಚನ್ನು ಚಾಮರಾಜನಗರದಲ್ಲಿ ಹದ ಮಾಡಿಸಿ ತಂದೆ. ಆಚಾರಿಯವರ ಸುತ್ತಿಗೆ ನಿನ್ನೆ ಸಂಜೆಯೂ ಅದೇ ಮೊಳೆಯಲ್ಲಿತ್ತು.